ಹಿಂದಿನ ಸೈಕಲ್ಲಿನ ಬೆಲ್

ಹೋದ ವಾರ ಝಳಕಿಯ ಹತ್ತಿರ ನನ್ನ ಮೋಟಾರ್‌ಸೈಕಲ್ ಪಂಕ್ಚರ್ ಆಗಿ, ಹೆದ್ದಾರಿ ಬದಿಯ ಅಂಗಡಿಯೊಂದರ ಮುಂದೆ ಅರ್ಧ ತಾಸು ಕೂರಬೇಕಾಯಿತು. ಅಂಗಡಿಯಾತ ಟ್ಯೂಬನ್ನು ನೀರಿನ ಬೋಗುಣಿಯಲ್ಲಿ ಅದ್ದಿ ಗುಳ್ಳೆ ಹುಡುಕಿದ, ಒರೆಸಿದ, ಉಜ್ಜಿದ, ಆಮೇಲೆ ಸೊಲ್ಯೂಷನ್ನಿನ ಮುಚ್ಚಳ ತೆಗೆದ. ಪೆಟ್ರೋಲಿನದೂ ಅಲ್ಲದ, ಬಣ್ಣದ್ದೂ ಅಲ್ಲದ, ತುಸು ಸಿಹಿಯಾದ ಆ ವಾಸನೆ ಮೂಗಿಗೆ ಬಡಿಯಿತು. ವಾಸನೆಯಿಂದ ನೆನಪು ಬರುತ್ತದೆ ಅನ್ನುವವರ ಮಾತನ್ನು ನಾನು ಎಂದೂ ಒಪ್ಪಿದವನಲ್ಲ. ನೆನಪು ಮೊದಲೇ ಒಳಗೆ ಕುಳಿತಿರುತ್ತದೆ, ವಾಸನೆ ಬರೀ ನೆಪ ಎಂದು ವಾದಿಸುತ್ತ ಬಂದವನು. ಈಗಲೂ ಹಾಗೇ ವಾದಿಸುತ್ತೇನೆ. ಆದರೆ ಆ ಹೊತ್ತಿನಲ್ಲಿ ನನ್ನ ಬಲಗೈಯ ಹೆಬ್ಬೆರಳು ತನ್ನಷ್ಟಕ್ಕೆ ತಾನೇ ಮಡಚಿಕೊಂಡಿತು, ಸೈಕಲ್ಲಿನ ಬೆಲ್ ಒತ್ತುವಂತೆ. ಅದಕ್ಕೆ ಏನು ಹೇಳಲಿ...

ಬಸವನ ಬಾಗೇವಾಡಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಅವರ ಸೈಕಲ್ ಅಂಗಡಿ ಇತ್ತು. ನಾವೆಲ್ಲ ಅವರನ್ನು ಕಾಕಾ ಅನ್ನುತ್ತಿದ್ದೆವು. ಕೃಷ್ಣಾ ದಂಡೆಯ ಅವರ ಊರು ಆಲಮಟ್ಟಿ ಆಣೆಕಟ್ಟಿನ ಹಿನ್ನೀರಿನಲ್ಲಿ ಮುಳುಗಿತ್ತು. ಊರಿನವರೆಲ್ಲ ಎತ್ತರದಲ್ಲಿ ಸರಕಾರ ಕೊಟ್ಟ ಪ್ಲಾಟುಗಳಿಗೆ ಹೋದರೆ, ಕಾಕಾ ಹೆಂಡತಿಯೊಂದಿಗೆ ಬಾಗೇವಾಡಿಗೆ ಬಂದು ಅಂಗಡಿ ಇಟ್ಟರು. ಐವತ್ತರ ಆಸುಪಾಸಿನ, ಕಡ್ಡಿಯಂಥ ಮನುಷ್ಯ. ಮಾತು ಕಡಿಮೆ, ಆದರೆ ಆಡಿದರೆ ಕುಟುಕದೆ ಬಿಡುತ್ತಿರಲಿಲ್ಲ.

ನಾನು ಆಗ ಬಿ.ಎ. ಎರಡನೇ ವರ್ಷ. ಸಿಂದಗಿ, ಇಂಡಿ, ಮುದ್ದೇಬಿಹಾಳ, ಎಲ್ಲಿ ಚರ್ಚಾಸ್ಪರ್ಧೆ ಇದ್ದರೂ ಕಾಲೇಜಿನಿಂದ ಹೋಗುತ್ತಿದ್ದವರು ಇಬ್ಬರೇ: ನಾನು ಮತ್ತು ಸಂಗು. ಸಂಗು ಭೀಮಾ ದಂಡೆಯ ದೇವಣಗಾಂವದವನು, ನಮ್ಮ ಮನೆಯ ಪಕ್ಕದಲ್ಲೇ ಖೋಲಿ ಹಿಡಿದು ಓದುತ್ತಿದ್ದ. ಅವನು ವಿಷಯದ ಪರ, ನಾನು ವಿರೋಧ. ಯಾವ ವಿಷಯ ಕೊಟ್ಟರೂ ನನಗೆ ವಿರೋಧವೇ ಬೇಕಿತ್ತು. ಬಹುಮಾನದ ಢಾಲು ಗೆದ್ದು ಬಂದ ದಿನ ಅದನ್ನು ಕಾಕಾ ಅಂಗಡಿಯ ಬೆಂಚಿನ ಮೇಲೆ ಇಟ್ಟು ಕೂರುತ್ತಿದ್ದೆ. ಕಾಕಾ ಅದನ್ನು ತಿರುಗಿಸಿ ಮುರುಗಿಸಿ ನೋಡಿ, "ವಕೀಲ್ರ, ಇದರಾಗ ರೊಟ್ಟಿ ಸುಡಾಕ ಬರ್ತೈತೇನು?" ಅನ್ನುತ್ತಿದ್ದರು. ಅವರಿಗೆ ನಾನು ವಕೀಲ. ನನ್ನ ಹೆಸರು ಹಿಡಿದು ಕರೆದದ್ದು ನೆನಪಿಲ್ಲ.

ಕಾಕಾಗೆ ಒಂದು ರೂಢಿ ಇತ್ತು. ಪ್ರತಿ ವರ್ಷ ಎಳ್ಳಮಾವಾಸ್ಯೆ ಮುಗಿದ ವಾರ ಅಂಗಡಿಗೆ ಬೀಗ ಹಾಕಿ, ಕ್ಯಾರಿಯರಿಗೆ ತಾಡಪತ್ರಿ, ಕಂಬಳಿ, ಒಂದು ಪಾತೇಲಿ, ಖಟಿ ರೊಟ್ಟಿಯ ಗಂಟು ಕಟ್ಟಿಕೊಂಡು ಹಿನ್ನೀರಿನ ದಂಡೆ ಹಿಡಿದು ಸೈಕಲ್ ಮೇಲೆ ಹೊರಟುಬಿಡುತ್ತಿದ್ದರು. ನಾಲ್ಕು ದಿನ, ಐದು ದಿನ. ಸಂಜೆಯಾದಲ್ಲಿ ತಾಡಪತ್ರಿ ಕಟ್ಟಿ ಮಲಗುವುದು, ಬೆಳಗಾದರೆ ಮುಂದಕ್ಕೆ. ನಮ್ಮ ಕಡೆ ಜನ ಕೆಲಸವಿಲ್ಲದೆ ಊರು ಬಿಡುವುದಿಲ್ಲ. ಮದುವೆ ಇರಬೇಕು, ಸಂತೆ ಇರಬೇಕು, ಇಲ್ಲವೆ ಕೋರ್ಟಿನ ತಾರೀಖು ಇರಬೇಕು. ಹಾಗಾಗಿ ಕಾಕಾನ ತಿರುಗಾಟಕ್ಕೆ ಜನರೇ ಒಂದು ಕಾರಣ ಒದಗಿಸಿದ್ದರು: ಮುಳುಗಿದ ಊರಿನ ಹಂಬಲ. ನಾನೂ ಅದನ್ನೇ ನಂಬಿ, ಒಂದು ದಿನ ಅವರ ಬಾಯಿಂದ ಹೊರಡಿಸಲು ನೋಡಿದೆ.

"ಊರಾಗ ಇದ್ದಾಗ ಬ್ಯಾಸಿಗ್ಯಾಗ ಕುಡ್ಯಾಕ ನೀರಿಲ್ಲ, ಮಳಿಗಾಲದಾಗ ಹೋಗಾಕ ದಾರಿ ಇಲ್ಲ. ಏನಂತ ನೆನಸ್ಲಿ?" ಅಂದರು. "ಈಗ ನೀರು ಚಂದ ಕಾಣ್ತೈತಿ. ನೋಡಾಕ ಹೋಗ್ತೇನಿ. ಅಷ್ಟ."

"ಅಷ್ಟ ಇರಾಕ ಸಾಧ್ಯ ಇಲ್ರಿ ಕಾಕಾ."

"ಹಂಗಾರ ನೀನೂ ಬಾ. ನೋಡಿ ಬಂದು ಭಾಷಣ ಮಾಡು."

ಹೀಗೆ ಆ ವರ್ಷ ನಾನು, ಸಂಗು ಇಬ್ಬರೂ ಹೊರಟೆವು. ಹೊರಡುವ ದಿನ ಅವರ ಹೆಂಡತಿ, ನಮಗೆಲ್ಲ ಕಾಕು, ರೊಟ್ಟಿಯ ಗಂಟು ತಂದು ಕೊಟ್ಟು ಅಂಗಡಿಯ ಮೆಟ್ಟಿಲ ಮೇಲೆ ನಿಂತರು. ಹಿಂದಿನ ವರ್ಷ ಕಾಕಾ ಜ್ವರ ಹಚ್ಚಿಕೊಂಡು ಬಂದು ಹದಿನೈದು ದಿನ ಮಲಗಿದ್ದರಂತೆ. ಆ ಸಿಟ್ಟು ಇನ್ನೂ ಆರಿರಲಿಲ್ಲ.

"ಈ ವರ್ಷ ಏನರ ಆತಂದ್ರ ಇದ ಕಡೀದು ನೋಡ್ರಿ. ಸೈಕಲ್ ಮಾರಿ ಎಮ್ಮಿ ಕಟ್ತೇನಿ."

"ಕಟ್ಟು. ಎಮ್ಮಿ ಮ್ಯಾಲೆ ಕುಂತು ಹೋಗ್ತೇನಿ."

ಕಾಕು ನಗಲಿಲ್ಲ. ನನ್ನ ಕಡೆ ತಿರುಗಿ, "ನೀ ಶಾಣ್ಯಾ ಅದಿಪಾ. ನೀ ನೋಡ್ಕೋ ಇವರನ್ನ" ಅಂದರು. ಓಣಿ ದಾಟಿದ ಮೇಲೆ ಕಾಕಾ ಪೆಡಲ್ ನಿಧಾನ ಮಾಡಿ ನಮ್ಮ ಸಾಲಿಗೆ ಬಂದರು. "ಆಕಿ ಹೇಳಿದ್ರ ಮಾಡಾಕಿನ" ಎಂದರು. "ಒಂದು ಮುಳ್ಳು ಚುಚ್ಚಿದ್ರೂ ಮುಂದಿನ ವರ್ಷ ನನ್ನ ಬಿಡೂದಿಲ್ಲ. ಹುಷಾರ್ ಇರಬೇಕ್ರೋ." ಆ ಮಾತಿನಲ್ಲಿ ಚೇಷ್ಟೆ ಇರಲಿಲ್ಲ. ವರ್ಷದಲ್ಲಿ ಅವರು ತಮಗಾಗಿ ಇಟ್ಟುಕೊಂಡದ್ದು ಆ ನಾಲ್ಕೈದು ದಿನ ಮಾತ್ರ ಎಂದು ನನಗೆ ಆಗಲೇ ತಿಳಿದಿತ್ತು. ಇದನ್ನು ಮೊದಲೇ ಹೇಳಿಬಿಡುತ್ತೇನೆ, ತಿಳಿದಿರಲಿಲ್ಲ ಎಂದು ಆಮೇಲೆ ತಪ್ಪಿಸಿಕೊಳ್ಳುವಂತಾಗಬಾರದು.

ನಾವು ಸಮುದ್ರ ಕಂಡವರಲ್ಲ. ಆಚೆಯ ದಂಡೆ ಕಾಣದ ನೀರನ್ನು ಮೊದಲ ದಿನ ಮಧ್ಯಾಹ್ನ ನೋಡಿದಾಗ ಸಂಗು, "ಇದು ಕೃಷ್ಣಾ ಅಲ್ಲಲೇ, ಯಾರೋ ಅರಬ್ಬಿ ಸಮುದ್ರ ತಂದು ಸುರುವ್ಯಾರ" ಅಂದ. ದಂಡೆಯೆಂದರೆ ಕಲ್ಲು, ಕಪ್ಪು ಎರೆಮಣ್ಣು, ಅರ್ಧ ಮುಳುಗಿದ ಜಾಲಿ ಗಿಡಗಳ ತುದಿ, ಅವುಗಳ ಮೇಲೆ ಕುಳಿತ ಬಿಳಿ ಹಕ್ಕಿಗಳು. ಬಿಳಿಜೋಳದ ಹೊಲಗಳ ನಡುವಿನ ಗಾಡಿದಾರಿಯಲ್ಲಿ ಸೈಕಲ್ ಹೊಡೆದೆವು, ಮುಳ್ಳಿದ್ದಲ್ಲಿ ಹೊತ್ತು ನಡೆದೆವು. ಕಾಕಾ ಮಾತಾಡದೆ ಮುಂದೆ ಹೋಗುತ್ತಿದ್ದರು. ಒಮ್ಮೊಮ್ಮೆ ಸೈಕಲ್ ನಿಲ್ಲಿಸಿ ನೀರಿನ ಕಡೆ ಮುಖ ಮಾಡಿ ಬೀಡಿ ಸೇದುತ್ತಿದ್ದರು. ನಾನು ಅವರ ಮುಖವನ್ನೇ ನೋಡುತ್ತಿದ್ದೆ, ಹಂಬಲ ಎಲ್ಲಿ ಕಾಣುತ್ತದೋ ಎಂದು. ಕಾಣಲಿಲ್ಲ. ಊಟವಾದ ಮನುಷ್ಯನ ಮುಖ ಇರುತ್ತದಲ್ಲ, ಹಾಗಿತ್ತು.

ಎರಡನೆಯ ಬೆಳಿಗ್ಗೆ ತೆಳುವಾಗಿ ಮಂಜು ಬಿತ್ತು. ಅಂದು ಕಾಕಾ ತಮ್ಮ ನಿಯಮ ಹೇಳಿದರು. ಮಂಜಿನಲ್ಲಿ ಒಬ್ಬರ ಹಿಂದೆ ಒಬ್ಬರು ಹೋಗಬೇಕು. ಎಲ್ಲರಿಗಿಂತ ಹಿಂದಿನವನು ಹತ್ತು ಪೆಡಲಿಗೊಮ್ಮೆ ಬೆಲ್ ಬಾರಿಸಬೇಕು. ಬೆಲ್ ನಿಂತರೆ ಮುಂದಿನವರು ನಿಲ್ಲಬೇಕು. ಕರೆದರೂ ಓಗೊಡದಿದ್ದರೆ ಮುಂದಾಳು ಒಬ್ಬನೇ ಹಿಂದೆ ಹೋಗಿ ಹುಡುಕಬೇಕು, ನಡುವಿನವನು ನಿಂತಲ್ಲಿಂದ ಅಲುಗಬಾರದು. ಅವರ ಅಪ್ಪ ಚಳಿಗಾಲದಲ್ಲಿ ಬಾಗೇವಾಡಿಯ ದನದ ಸಂತೆಗೆ ಗಾಡಿಗಳ ಸಾಲು ಕಟ್ಟಿಕೊಂಡು ಹೋಗುವಾಗ ಕೊನೆಯ ಗಾಡಿಯ ಎತ್ತುಗಳಿಗೆ ಮಾತ್ರ ಗೆಜ್ಜೆ ಕಟ್ಟುತ್ತಿದ್ದರಂತೆ. ಅದೇ ಪದ್ಧತಿ.

ನನಗೆ ವಾದಿಸಲು ವಿಷಯ ಸಿಕ್ಕಿತು. ಅಂದು ಸಂಜೆ ತಾಡಪತ್ರಿ ಕಟ್ಟಿ, ಮೂರು ಕಲ್ಲಿನ ಒಲೆಯ ಮೇಲೆ ಚಹಾ ಇಟ್ಟಾಗ ಶುರು ಮಾಡಿದೆ. ಮುಂದಿನವನಲ್ಲವೇ ಬೆಲ್ ಬಾರಿಸಬೇಕಾದದ್ದು? ದಾರಿ ಗೊತ್ತಿರುವವನ ಸದ್ದು ಹಿಡಿದು ಉಳಿದವರು ಬರುತ್ತಾರಲ್ಲ?

"ಮುಂದಿನಾಂವ ಬಾರಿಸಿದ್ರ, ಹಿಂದಿನಾಂವ ಬರಾಕತ್ತಾನೋ ಬಿದ್ದಾನೋ ಯಾರಿಗೆ ಗೊತ್ತಾಗ್ಬೇಕು?" ಅಂದರು ಕಾಕಾ.

ಸಂಗು ಚಪ್ಪಾಳೆ ತಟ್ಟಿದ. "ಒಂದು ಅಂಕ ಕಾಕಾಗ."

ನಾನು ಬಿಡಲಿಲ್ಲ. "ಇಷ್ಟು ವರ್ಷದಾಗ ಎಂದರ ಬೆಲ್ ನಿಂತೈತೇನ್ರಿ?"

"ಒಬ್ಬಾವ ಹೋಗ್ತಿದ್ದೆ. ಯಾರ್ ಬಾರಿಸ್ತಾರ?"

"ಅಂದ್ರ ನಿಯಮ ಪರೀಕ್ಷೆನ ಆಗಿಲ್ಲ. ಬೆಲ್ ನಿಂತ್ರ ನೀವು ಖರೇನ ತಿರುಗಿ ಬರ್ತೀರಿ ಅನ್ನೂದಕ್ಕ ಏನ್ ಪುರಾವೆ?"

ಕಾಕಾ ಚಹಾ ಸೋಸುತ್ತಿದ್ದರು. ತಲೆ ಎತ್ತಲಿಲ್ಲ. "ಪುರಾವೆ ಸಿಗದಿದ್ರ ಛಲೋ ವಕೀಲ್ರ" ಅಂದರು. ಸಂಗು ನಕ್ಕ. ನನ್ನ ಪ್ರಶ್ನೆಗೆ ಉತ್ತರ ಬರಲಿಲ್ಲ ಎಂದೇ ನಾನು ತಿಳಿದೆ.

ಕತ್ತಲಾಗುವ ಮೊದಲು ಕಾಕಾ ನಮ್ಮನ್ನು ಸ್ವಲ್ಪ ಮುಂದಕ್ಕೆ ಕರೆದುಕೊಂಡು ಹೋಗಿ ದಾರಿ ಒಡೆಯುವ ಜಾಗ ತೋರಿಸಿದರು. ಎಡಕ್ಕೆ ಏರುವ ಕಚ್ಚಾದಾರಿ ಹೊಸದು, ಅವರ ಊರಿನವರ ಪ್ಲಾಟುಗಳಿಗೆ ಹೋಗುವುದು. ನೇರಕ್ಕೆ ಇಳಿಯುವುದು ಹಳೆಯ ಡಾಂಬರು ರಸ್ತೆ. ಹಸನಾದ ರಸ್ತೆ, ಇನ್ನೂ ಕರ್ರಗೆ ಹೊಳೆಯುತ್ತಿತ್ತು, ಇಳಿದು ಇಳಿದು ಹಾಗೇ ನೀರಿನೊಳಗೆ ಹೋಗಿಬಿಟ್ಟಿತ್ತು. "ಮೊಳಕಾಲುದ್ದ ನೀರಿನಾಗ ಒಂದು ಮೋರಿ ಐತಿ, ಕಲ್ಲು ಕಿತ್ತು ತೆಗ್ಗು ಬಿದ್ದೈತಿ" ಅಂದರು. "ನಾಳಿಗೆ ಎಡಕ್ಕ ಹೊರಳೂದು ಮರೀಬ್ಯಾಡ್ರಿ. ಹೊಸಬ ಆದಾಂವ ಡಾಂಬರು ಕಂಡ್ರ ಅದನ್ನ ಹಿಡೀತಾನ."

ಮೂರನೆಯ ಬೆಳಿಗ್ಗೆ ತಾಡಪತ್ರಿಯಿಂದ ತಲೆ ಹೊರಗೆ ಹಾಕಿದರೆ ಲೋಕವೇ ಇರಲಿಲ್ಲ. ನಿಂತು ನೋಡಿದರೆ ನನ್ನ ಕಾಲು ನನಗೆ ಕಾಣುತ್ತಿರಲಿಲ್ಲ. ನೀರು ಕಲ್ಲಿಗೆ ಬಡಿಯುವ ಸಣ್ಣ ಸದ್ದು ಎಡಗಡೆ ಇದೆ ಅನಿಸುತ್ತಿತ್ತು, ತಿರುಗಿದರೆ ಬಲಗಡೆ ಅನಿಸುತ್ತಿತ್ತು. ಬಿಸಿಲು ಏರುವ ತನಕ ಕೂಡೋಣ ಅಂದ ಸಂಗು. ಕಾಕಾ ಆಗಲೇ ಕಂಬಳಿ ಹೊದ್ದು ಕುಳಿತುಬಿಟ್ಟಿದ್ದರು. ಮರುದಿನ ಮುದ್ದೇಬಿಹಾಳದಲ್ಲಿ ನಮ್ಮ ಚರ್ಚಾಸ್ಪರ್ಧೆ ಇತ್ತು. ಸಂಜೆಯೊಳಗೆ ಬಾಗೇವಾಡಿ ಮುಟ್ಟದಿದ್ದರೆ ತಯಾರಿಗೆ ಸಮಯವಿಲ್ಲ. ನಾನು ವಾದಿಸಿದೆ. ದಾರಿ ನಿನ್ನೆ ನೋಡಿದ್ದೇವೆ, ನಿಯಮ ಇದೆ, ಬೆಲ್ ಇದೆ, ಇನ್ನೇನು ಬೇಕು ಅಂದೆ. ಅವರ ನಿಯಮವನ್ನೇ ಅವರ ಮೇಲೆ ಎಸೆದೆ.

"ವಕೀಲ್ರು ಕೂಡಗೊಡೂದಿಲ್ಲ" ಎಂದು ಕಾಕಾ ಎದ್ದರು.

ಕಾಕಾ ಮುಂದೆ, ಸಂಗು ನಡುವೆ, ನಾನು ಹಿಂದೆ. ಹತ್ತು ಪೆಡಲಿಗೆ ಒಂದು ಬೆಲ್. ನಡಿಗೆಯ ವೇಗದಲ್ಲಿ ಹೋಗುತ್ತಿದ್ದೆವು. ಸಂಗುನ ಹಿಂದಿನ ಮಡ್‌ಗಾರ್ಡಿನ ಬಿಳಿ ಪಟ್ಟಿ ಒಮ್ಮೆ ಕಾಣುತ್ತಿತ್ತು, ಒಮ್ಮೆ ಇಲ್ಲ. ಚಕ್ರದ ಕೆಳಗೆ ಗಟ್ಟಿ ಡಾಂಬರು ಸಿಕ್ಕಿತು. ಮುಂದಿನಿಂದ ಕಾಕಾ, "ಎಡಕ್ಕ" ಅಂದರು. ಸಂಗು "ಎಡಕ್ಕ" ಅಂದ. ನಾನೂ ಹೊರಳಿದೆ. ಮತ್ತೆ ಮಣ್ಣು, ಏರು. ದಾರಿ ಒಡೆಯುವ ಜಾಗ ದಾಟಿದ್ದೆವು. ಅಪಾಯ ಹಿಂದೆ ಬಿತ್ತು ಅನಿಸಿತು.

ಆಗ ನಾನು ಬೆಲ್ ನಿಲ್ಲಿಸಿದೆ.

ಯಾಕೆ ಎಂದು ಕೇಳಿದರೆ ಉತ್ತರ ಒಂದೇ. ನನಗೆ ಪುರಾವೆ ಬೇಕಾಗಿತ್ತು. ಸೈಕಲ್ಲಿನಿಂದ ಇಳಿದು, ದಾರಿಯ ಬದಿಯ ಜಾಲಿಕಂಟಿಯ ಪಕ್ಕಕ್ಕೆ ಸರಿದು, ಉಸಿರು ಬಿಗಿಹಿಡಿದು ನಿಂತೆ. ಹತ್ತು ಎಣಿಸಿದೆ. ಇಪ್ಪತ್ತು. ಮುಂದಿನ ಚಕ್ರಗಳ ಸದ್ದು ನಿಂತಿತು.

"ವಕೀಲ್ರ."

ನಾನು ಕಂಟಿಗೆ ಇನ್ನಷ್ಟು ಒತ್ತಿ ನಿಂತೆ.

"ವಕೀಲ್ರ, ಓ ಅನ್ರಿ."

ಆಮೇಲೆ ಕಾಕಾನ ದನಿ, ಗಡುಸಾಗಿ: "ಸಂಗು, ಇಲ್ಲೇ ನಿಲ್ಲು. ನಾ ಬರೂತನಕ ಅಲ್ಲಾಡಬ್ಯಾಡ." ಸೈಕಲ್ ತಿರುಗಿಸಿದ ಸದ್ದು. ಚೈನಿನ ಕಟಕಟ. ಒಂದು ಮಾರು ದೂರದಲ್ಲಿ ಅವರು ನನ್ನನ್ನು ದಾಟಿ ಹೋದರು. ಮಂಜಿನಲ್ಲಿ ಒಂದು ಕಪ್ಪು ನೆರಳು, ಬೀಡಿಯ ವಾಸನೆ, ವೇಗವಾದ ಉಸಿರು. ಕೈ ಚಾಚಿ ಹೆಜ್ಜೆ ಇಟ್ಟಿದ್ದರೆ ಕ್ಯಾರಿಯರ್ ಸಿಗುತ್ತಿತ್ತು. ಆಗಲೇ ಕರೆಯಬಹುದಾಗಿತ್ತು. ಕರೆಯಲಿಲ್ಲ. ತಮಾಷೆ ಮುಂದುವರಿಸಲಿಕ್ಕಲ್ಲ. ನಿಯಮ ನಿಂತಿತ್ತು, ಅವರು ತಿರುಗಿ ಬಂದಿದ್ದರು, ನಾನು ಸೋತಿದ್ದೆ. ಸೋತವನು ಹೇಗೆ ಬಾಯಿ ತೆರೆಯಬೇಕು, ಏನು ನೆಪ ಹೇಳಬೇಕು ಎಂದು ಯೋಚಿಸುತ್ತ ನಿಂತೆ. ಅಷ್ಟೇ ಹೊತ್ತು. ಒಂದು ವಾಕ್ಯ ಜೋಡಿಸುವಷ್ಟು ಹೊತ್ತು...

ಅಷ್ಟರಲ್ಲಿ ಕಾಕಾ ಇಳಿಜಾರಿನಲ್ಲಿ ಹೋಗಿಬಿಟ್ಟಿದ್ದರು. ಅವರು ಎಲ್ಲಿ ಹುಡುಕಬಹುದು ಎಂದು ನನಗೆ ಹೊಳೆದದ್ದು ಚಕ್ರದ ಸದ್ದು ಬದಲಾದಾಗ. ಮಣ್ಣಿನ ಸದ್ದು ಹೋಗಿ ಡಾಂಬರಿನ ಸರ್ರನೆಯ ಸದ್ದು. ಹೊಸಬ ಆದವನು ಎಡಕ್ಕೆ ಹೊರಳಲು ಮರೆತಿದ್ದಾನೆ, ಹಳೆಯ ರಸ್ತೆ ಹಿಡಿದಿದ್ದಾನೆ, ಅದಕ್ಕೇ ಬೆಲ್ ನಿಂತಿದೆ. ಅವರು ಹಾಗೆಯೇ ಲೆಕ್ಕ ಹಾಕಿದ್ದರು. ಬೇರೆ ಯಾವ ಲೆಕ್ಕ ಹಾಕಲು ಸಾಧ್ಯವಿತ್ತು?

ನಾನು ಬೆಲ್ ಬಾರಿಸಿದೆ. ಬಿಡದೆ ಬಾರಿಸಿದೆ. "ಕಾಕಾ, ನಾ ಇಲ್ಲಿ ಅದೇನ್ರಿ" ಎಂದು ಕೂಗಿದೆ. ಮಂಜು ಸದ್ದನ್ನು ನುಂಗಿ ಬೇರೆಲ್ಲಿಂದಲೋ ಉಗುಳುತ್ತಿತ್ತು. ಕೆಳಗಿನಿಂದ ಅವರ ದನಿ ಬಂತು, ವಕೀಲ್ರ ಅಂತಲ್ಲ.

"ತಮ್ಮಾ... ಬಂದೆ. ಅಲ್ಲೇ ನಿಲ್ಲು, ನೀರಾಗ ಮುಂದ ಹೋಗಬ್ಯಾಡ. ಬಂದೆ."

ನನ್ನ ಬೆಲ್ ಅವರಿಗೆ ನೀರಿನ ಕಡೆಯಿಂದ ಕೇಳಿಸಿತ್ತು. ನೀರು ಕಲಕುವ ಸದ್ದು. ದೊಡ್ಡ ಹೆಜ್ಜೆಗಳು. ಆಮೇಲೆ ಕಬ್ಬಿಣ ಕಲ್ಲಿಗೆ ಬಡಿದ ಸದ್ದು, ನೀರು ಸಿಡಿದ ಸದ್ದು. ಆಮೇಲೆ ಏನೂ ಇಲ್ಲ.

ಸಂಗು ನಿಯಮ ಮುರಿದು ಓಡಿ ಬಂದ, ನನಗೆ ಡಿಕ್ಕಿ ಹೊಡೆದೇ ನಿಂತ. "ಏನಾತಲೇ?" ಅಂದ. ಕೆಳಗೆ ಬೆರಳು ಮಾಡಿದೆ, ಬೆರಳು ಅವನಿಗೆ ಕಾಣಲಿಲ್ಲ. ಇಬ್ಬರೂ ನನ್ನ ಸೈಕಲ್ ತಳ್ಳಿಕೊಂಡು ಡಾಂಬರು ಹಿಡಿದು ಇಳಿದೆವು. ನೀರು ಎಲ್ಲಿ ಶುರುವಾಗುತ್ತದೆ ಎಂದು ಕಣ್ಣಿಗೆ ತಿಳಿಯಲಿಲ್ಲ, ಚಪ್ಪಲಿಯೊಳಗೆ ತಣ್ಣಗೆ ಆದಾಗ ತಿಳಿಯಿತು. ಕರೆದೆವು. ಉತ್ತರವಿಲ್ಲ. ನನಗೆ ಈಜು ಬರುತ್ತಿರಲಿಲ್ಲ. ಭೀಮಾ ನೀರಿನಲ್ಲಿ ಬೆಳೆದ ಸಂಗು ಅಂಗಿ ಕಳಚಿ, ನನ್ನ ಕ್ಯಾರಿಯರಿನಲ್ಲಿದ್ದ ತಾಡಪತ್ರಿಯ ಹಗ್ಗ ಬಿಚ್ಚಿ ತನ್ನ ನಡುವಿಗೆ ಕಟ್ಟಿಕೊಂಡ, ಇನ್ನೊಂದು ತುದಿ ನನ್ನ ಕೈಗೆ ಕೊಟ್ಟ.

"ನಾ ಎರಡು ಸಲ ಜಗ್ಗಿದ್ರ ಎಳಿ. ಈಗರ ಬಾಯಿ ಮುಚ್ಚು, ಕಿವಿಗೊಟ್ಟು ನಿಲ್ಲು."

ಅವನೂ ಮಂಜಿನೊಳಗೆ ಹೋದ. ಹಗ್ಗ ನನ್ನ ಕೈಯಿಂದ ಸ್ವಲ್ಪ ಸ್ವಲ್ಪವೇ ಜಾರುತ್ತಿತ್ತು. ಜಾರುವುದು ನಿಂತಿತು. ನನ್ನ ಕೈಯಲ್ಲಿ ಉಳಿದದ್ದು ಎರಡು ಗೇಣು ಹಗ್ಗ. ಕೊನೆಗೆ ದನಿ ಕೇಳಿಸಿತು, ನಾನು ಅಂದುಕೊಂಡದ್ದಕ್ಕಿಂತ ಹತ್ತಿರದಿಂದ, ಹಲ್ಲು ಕಟಕಟಿಸುವ ದನಿ.

"ಯಾರು?"

"ನಾ ಸಂಗು ರೀ ಕಾಕಾ. ಹಗ್ಗ ಹಿಡ್ಕೋರಿ."

"ವಕೀಲ ಎಲ್ಲಿ?"

"ದಂಡಿ ಮ್ಯಾಲೆ ಅದಾನ್ರಿ."

"ಖರೇನ?"

"ಖರೇನ್ರಿ. ಅವನೇ ಹಗ್ಗ ಹಿಡದಾನ."

"ಹಂಗಾರ ಎಳೀರಿ" ಅಂದರು ಕಾಕಾ.

ಮೋರಿಯ ತೆಗ್ಗಿನಲ್ಲಿ ಅವರ ಬಲಗಾಲು ಕಿತ್ತ ಕಲ್ಲುಗಳ ನಡುವೆ ಸಿಕ್ಕು, ಮೇಲೆ ಹೇರು ತುಂಬಿದ ಸೈಕಲ್ ಬಿದ್ದಿತ್ತು. ಸಂಗು ಸೈಕಲ್ ಎತ್ತಿ ಕಾಲು ಬಿಡಿಸಿದ, ನಾನು ಎಳೆದೆ. ದಂಡೆಗೆ ಬಂದಾಗ ಪಾದ ಇರಬೇಕಾದ ದಿಕ್ಕಿನಲ್ಲಿ ಇರಲಿಲ್ಲ. ತುಟಿಗಳು ನೀಲಿಯಾಗಿದ್ದವು. ಇದ್ದ ಕಂಬಳಿಗಳನ್ನೆಲ್ಲ ಹೊದಿಸಿದೆವು. ಸಂಗು ಗಾಡಿ ತರಲು ಪ್ಲಾಟುಗಳ ಕಡೆ ಓಡಿದ. ನಾನು, ಕಾಕಾ ಇಬ್ಬರೇ ಉಳಿದೆವು.

"ಬೆಲ್ ಯಾಕ ನಿಂತ್ತು?" ಎಂದು ಕೇಳಿದರು.

ಆ ವಾಕ್ಯ ಆಗಲೇ ಸಿದ್ಧವಾಗಿತ್ತು. "ಥಂಡಿಗೆ ಕೈ ಸೆಡೆತಿತ್ರಿ ಕಾಕಾ. ಬೆರಳು ಏಳಲಿಲ್ಲ."

ಅವರು ನನ್ನ ಮುಖ ನೋಡಿದರು. ನೋಡಿ, ಕಣ್ಣು ಮುಚ್ಚಿಕೊಂಡರು. "ಹೌದು, ಥಂಡಿ ಭಾಳ ಐತಿ" ಅಂದರು.

ಗಾಡಿ ಬಂತು. ಜೊತೆಗೆ ಹತ್ತು ಹನ್ನೆರಡು ಜನ, ಎಲ್ಲ ಅವರದೇ ಊರಿನವರು. ಆ ರಸ್ತೆ, ಆ ಮೋರಿ, ಆ ತೆಗ್ಗು ಅವರಿಗೆಲ್ಲ ಗೊತ್ತು. "ಏ ಹುಚ್ಚಪ್ಪಾ, ಗೊತ್ತಿದ್ದೂ ಗೊತ್ತಿದ್ದೂ ಅಲ್ಲಿ ಯಾಕ ಇಳಿದಿ?" ಎಂದು ಅವರ ವಾರಿಗೆಯವನೊಬ್ಬ ಬೈದ. ನಾನು ಕಾಕಾನ ಬಾಯಿಯನ್ನೇ ನೋಡುತ್ತಿದ್ದೆ.

"ಮಂಜಿನಾಗ ಏನೂ ಕಾಣಲಿಲ್ಲೋ" ಅಂದರು ಕಾಕಾ. "ಕಾಲು ರೂಢಿಲೆ ಹಳೇ ದಾರಿ ಹಿಡದ್ವು."

ಒಬ್ಬ ಮುದುಕಿ ಸೆರಗು ಬಾಯಿಗೆ ಒತ್ತಿಕೊಂಡು ಅಳತೊಡಗಿದಳು. "ಊರು ಕರೀತೋ ಯಪ್ಪಾ, ಊರು ಕರೀತು" ಅಂದಳು. ಅಷ್ಟೇ ಸಾಕಾಯಿತು. ಬಾಗೇವಾಡಿಯ ದವಾಖಾನೆಗೆ ಕಾಕಾ ಮುಟ್ಟುವ ಮೊದಲೇ ಆ ಮಾತು ಮುಟ್ಟಿತ್ತು. ಮುಳುಗಿದ ಊರು ಮಂಜಿನಲ್ಲಿ ಮನುಷ್ಯನನ್ನು ಕರೆದ ಕಥೆ. ಊರಿನ ಬಗ್ಗೆ ಹಂಬಲವೇ ಇಲ್ಲದಿದ್ದ ಮನುಷ್ಯನ ಮೇಲೆ ಜನ ಹಂಬಲದ ಕಥೆ ಹೊರಿಸಿದರು, ಅವರು ಹೊತ್ತುಕೊಂಡರು. ಸತ್ಯಕ್ಕಿಂತ ಅದು ಚೆನ್ನಾಗಿಯೂ ಇತ್ತು.

ಕಾಕು ಹೇಳಿದಂತೆ ಮಾಡಿದರು. ಕಾಲಿನ ಪಟ್ಟಿ ಬಿಚ್ಚುವ ಮೊದಲೇ ಮನಗೂಳಿಯ ಯಾರಿಗೋ ಸೈಕಲ್ ಹೋಯಿತು. ಕಾಲು ಕೂಡಿತು, ಆದರೆ ಡೊಂಕಾಗಿ ಕೂಡಿತು. ಕುಂಟುತ್ತ ಅಂಗಡಿಗೆ ಬರುತ್ತಿದ್ದರು, ಕಾಲು ಉದ್ದಕ್ಕೆ ಚಾಚಿ ಕುಳಿತು ಪಂಕ್ಚರ್ ತೆಗೆಯುತ್ತಿದ್ದರು. "ಹಿನ್ನೀರಿಗೆ ಯಾವಾಗ ಕಾಕಾ, ಊರು ಮತ್ತ ಕರದೈತೇನು?" ಎಂದು ಗಿರಾಕಿಗಳು ಕೀಟಲೆ ಮಾಡಿದರೆ ನಗುತ್ತಿದ್ದರು. ನೀರು ನೋಡಲು ಬಸ್ಸಿನಲ್ಲಾದರೂ ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಕಾಕು ಬಿಡಲಿಲ್ಲ. ಆ ನೀರು ಅವರನ್ನು ಎಳೆಯುತ್ತದೆ ಎಂದು ಆಕೆ ನಂಬಿದ್ದರು. ನಂಬದೇ ಇರಲು ಅವರಿಗೆ ಕಾರಣ ಕೊಟ್ಟವರು ಯಾರು?

ಮರುವರ್ಷ ಸಿಂದಗಿಯಲ್ಲಿ ಸ್ಪರ್ಧೆ. ಮುಳುಗಡೆಯ ಊರುಗಳ ಬಗ್ಗೆ ವಿಷಯ ಇತ್ತು. ಎದುರಿನ 'ಪರ'ದ ಹುಡುಗಿ ಕೊನೆಯ ಎರಡು ನಿಮಿಷದಲ್ಲಿ ಒಬ್ಬ ಮನುಷ್ಯನ ಕಾಲುಗಳು ಮಂಜಿನಲ್ಲಿ ತಾವೇ ತಾವಾಗಿ ಮುಳುಗಿದ ಊರಿಗೆ ನಡೆದ ಕಥೆ ಹೇಳಿದಳು. ಖಂಡಿಸಲು ನನಗೆ ಮೂರು ನಿಮಿಷ ಇದ್ದವು. ಆ ಸಭೆಯಲ್ಲಿ ಅದು ಸುಳ್ಳೆಂದು ಬಲ್ಲವರು ನಾನು, ಸಂಗು ಇಬ್ಬರೇ, ಅದರಲ್ಲೂ ಬೆಲ್ ಯಾಕೆ ನಿಂತಿತೆಂದು ಬಲ್ಲವನು ನಾನೊಬ್ಬನೇ. ಎದ್ದು ನಿಂತೆ, ಬೇರೆ ಏನೋ ಎರಡು ಮಾತಾಡಿ ಕುಳಿತೆ. ಢಾಲು ಆಕೆಯ ಪಾಲಾಯಿತು.

ಆ ಸುದ್ದಿ ಸಂಗು ಕಾಕಾಗೆ ಹೇಳಿದ್ದ. ನಾನು ಅಂಗಡಿಗೆ ಹೋದಾಗ ಚಕ್ರದ ಕಡ್ಡಿ ಬಿಗಿಯುತ್ತ ಕೇಳಿದರು.

"ಸೋತ್ಯಂತ?"

"ಹೌದ್ರಿ."

"ಮಾತಾಡಲಿಲ್ಲಂತ ನೀ?"

"ಹೂನ್ರಿ..."

"ಯಾಕ ವಕೀಲ್ರ, ನಾಲಿಗಿಗೂ ಥಂಡಿ ಹತ್ತಿತ್ತೇನು?"

ಅಂದು ನಕ್ಕುಬಿಟ್ಟರು, ಚಕ್ರ ತಿರುಗಿಸಿ ಓರೆ ಇದೆಯೋ ಎಂದು ನೋಡತೊಡಗಿದರು. ಅವರಿಗೆ ಎಲ್ಲ ಗೊತ್ತಿತ್ತು. ಬಹುಶಃ ದಂಡೆಯ ಮೇಲೆ ನನ್ನ ಮುಖ ನೋಡಿದಾಗಲೇ. ಆ ಹೊತ್ತಿನಲ್ಲಿ ಒಪ್ಪಿಕೊಳ್ಳುವುದು ಎಷ್ಟು ಸುಲಭವಿತ್ತು. ಅವರೇ ಬಾಗಿಲು ತೆರೆದಿದ್ದರು. ನಾನು ಕಡ್ಡಿ ಬಿಗಿಯುವ ಪಾನಾ ಎತ್ತಿ ಕೊಟ್ಟೆ, ಅಷ್ಟೇ. ಆಮೇಲೆ ಅಂಗಡಿಗೆ ಹೋಗುವುದು ಕಡಿಮೆಯಾಯಿತು... ಓದು ಮುಗಿಯಿತು, ಇಂಡಿಯಲ್ಲಿ ಕೆಲಸ ಸಿಕ್ಕಿತು. ಹೋದ ಬೇಸಿಗೆಯಲ್ಲಿ ಎದೆನೋವು ಬಂದು ಕಾಕಾ ತೀರಿಕೊಂಡ ಸುದ್ದಿ ನನಗೆ ಮುಟ್ಟಿದ್ದು ಎರಡು ದಿನ ತಡವಾಗಿ.

ಝಳಕಿಯಲ್ಲಿ ಪಂಕ್ಚರ್ ಆದ ಮೂರನೆಯ ದಿನ ಭಾನುವಾರ. ಬಾಗೇವಾಡಿಗೆ ಹೋದೆ. ಕಾಕು ಪಡಸಾಲೆಯಲ್ಲಿ ಮೊರ ಹಿಡಿದು ತೊಗರಿ ಹಸನು ಮಾಡುತ್ತಿದ್ದರು. ಚಹಾ ಮಾಡಲು ಏಳಹೊರಟವರನ್ನು ಕೂರಿಸಿ ಹೇಳಿದೆ.

"ಕಾಕು, ಅವತ್ತ ಕಾಕಾ ದಾರಿ ತಪ್ಪಿದ್ದಿಲ್ಲರಿ. ನಾ ಬೇಕಂತ ಬೆಲ್ ನಿಲ್ಲಿಸಿದ್ದೆ. ನನ್ನ ಹುಡಕ್ಯಾಡಾಕ ಹೋಗಿ ಬಿದ್ರು."

ಮೊರ ನಿಲ್ಲಲಿಲ್ಲ. "ನಿನಗ ಕೈ ಸೆಡೆತಿತ್ತಂತ, ನಿನ್ನ ನೋಡಾಕ ತಿರುಗಿದಾಗ ಅವ್ರ ಕಾಲು ರೂಢಿಲೆ ಹಳೇ ದಾರಿ ಹಿಡದ್ವಂತ. ಅವ್ರ ಹೇಳ್ಯಾರ. ಥಂಡಿಗೆ ಯಾರ್ ಏನ್ ಮಾಡ್ತಾರಪಾ."

"ಸೆಡೆತಿದ್ದಿಲ್ಲರಿ. ಅದು ನಾ ಹೇಳಿದ ಸುಳ್ಳು."

"ಹೋದವರ ಸಲುವಾಗಿ ಹಿಂಗ ಎಲ್ಲಾ ಮೈಮ್ಯಾಲೆ ಹಾಕ್ಕೋಬಾರ್ದು. ಬಿಡು."

ಆಗ ನಾನು ವಾದಿಸಿದೆ, ನನಗೆ ಬರುವುದು ಅದೊಂದೇ. ಹಿಂದಿನ ಸಂಜೆ ಅವರೇ ನಮಗೆ ಮೋರಿ ತೋರಿಸಿದ್ದರು ಅಂದೆ. ಬೆಳಿಗ್ಗೆ ಅದೇ ಮಂಜಿನಲ್ಲಿ ಸರಿಯಾಗಿ ಎಡಕ್ಕೆ ಹೊರಳಿಸಿ, ಆ ಜಾಗ ದಾಟಿ ನಮ್ಮನ್ನು ಮುಂದೆ ಒಯ್ದಿದ್ದರು ಅಂದೆ. ರೂಢಿಯ ಕಾಲು ತಪ್ಪುವುದಿದ್ದರೆ ಆಗಲೇ ತಪ್ಪಬೇಕಿತ್ತು. ಸಂಗುನನ್ನು ಕೇಳಿರಿ ಅಂದೆ. ನನ್ನ ಜೀವನದಲ್ಲಿ ಅಷ್ಟು ಗಟ್ಟಿಯಾದ ವಾದ ನಾನು ಕಟ್ಟಿಲ್ಲ.

ಕಾಕುವಿನ ಕೈ ನಿಂತಿತು. ಮೊರ ತೊಡೆಯ ಮೇಲೆ ಇಳಿಯಿತು. ಅವರು ನನ್ನನ್ನು ನೋಡದೆ, ಗೋಡೆಯ ಕಡೆ ನೋಡುತ್ತ ಕೇಳಿದರು.

"ಆ ನೀರು ಅವ್ರನ್ನ ಎಳೀತಿತ್ತಂತ ನಾ ಹೋಗಗೊಡಲಿಲ್ಲ. ಎಳ್ಳಮಾಸಿ ಬಂತಂದ್ರ ಬಾಗಲದಾಗ ಬಂದು ನಿಂದರ್ತಿದ್ರು, ಸುಮ್ಮ. ಕೇಳ್ತಿದ್ದಿಲ್ಲ. ನಾ ಒಳಗ ಬರ್ರಿ ಅಂತಿದ್ದೆ, ಬರ್ತಿದ್ರು. ನೀ ಹೇಳೂದು ಖರೆ ಆದ್ರ... ಅಷ್ಟು ವರ್ಷ ನಾ ಅವ್ರನ್ನ ಯಾತಕ್ಕ ಮನ್ಯಾಗ ಕೂಡಿಸಿದೆ?"

ನನ್ನಲ್ಲಿ ಇನ್ನೂ ಎರಡು ಅಂಶಗಳಿದ್ದವು. ಹೇಳಲಿಲ್ಲ.

"ಇಲ್ರಿ ಕಾಕು" ಅಂದೆ. "ನಂದ ಏನೋ ಭ್ರಮಾ. ನೀವು ಅನ್ನೂದ ಖರೆ. ಊರಿನ ಸೆಳೆತ ಇತ್ತು ಅವ್ರಿಗೆ."

"ಇತ್ತಲ್ಲ?"

"ಇತ್ರಿ."

ಅವರು ಮತ್ತೆ ಮೊರ ಎತ್ತಿಕೊಂಡರು. ಸ್ವಲ್ಪ ಹೊತ್ತಾದ ಮೇಲೆ ಎದ್ದು ಚಹಾ ಮಾಡಿ ತಂದರು. ಕುಡಿದು ಬಂದೆ.

ಇಲ್ಲಿ ಬರೆದದ್ದನ್ನು ಕಾಕು ಓದಲಾರರು. ಅವರಿಗೆ ಓದು ಬಾರದು. ಓದಿ ಹೇಳುವವರು ಯಾರಾದರೂ ಇದ್ದರೆ, ದಯವಿಟ್ಟು ಓದಿ ಹೇಳಬೇಡಿ. ಈ ಸಲದ ಎಳ್ಳಮಾವಾಸ್ಯೆಯೂ ಮುಗಿದಿದೆ, ಬೆಳಗಿನಲ್ಲಿ ಮಂಜು ಬೀಳತೊಡಗಿದೆ. ಕಾಕಾ ಬದುಕಿದ್ದಾಗ ಆರು ಚಳಿಗಾಲ ಬಾಗಿಲಲ್ಲಿ ನಿಂತು ಒಳಗೆ ಹೋದರು. ಆ ಆರೂ ನನ್ನವು.